ಕಂಪ್ಲಿಯಿಂದ ಶನಿಗೆ

ಕಳೆದ ತಿಂಗಳು ತಂಗಿಯ ಮಗಳ ಸೀಮಂತಕ್ಕೆಂದು ಹೊಸಪೇಟೆಯಿಂದ ಕಂಪ್ಲಿಗೆ ಬಸ್ಸು ಹತ್ತಿದ್ದೆ. ಬುಕ್ಕಸಾಗರ ದಾಟಿ, ಗದ್ದೆಗಳ ನಡುವೆ ಸಾಕಷ್ಟು ದೂರ ಹೋಗಿ, ಅಕ್ಕಿ ಗಿರಣಿಗಳು ಕಾಣಿಸುತ್ತಿದ್ದಂತೆ ಕುದಿಸಿದ ಭತ್ತದ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದಲ್ಲಿದ್ದ ಹುಡುಗಿ ದುಪಟ್ಟಾ ಮೂಗಿಗೆ ಹಿಡಿದು, "ಆಂಟಿ, ಆ ಕಿಟಕಿ ಹಾಕ್ರಿ" ಎಂದಳು. ನಾನು ಹಾಕಲಿಲ್ಲ. ಗೊತ್ತಿಲ್ಲದವರಿಗೆ ಅದು ಹುಳಿ ಹಿಡಿದ ಗಂಜಿಯ ವಾಸನೆ. ನನಗೆ ಅದು ಕಂಪ್ಯೂಟರಿನ ವಾಸನೆ. ಹೇಳಿದರೆ ಆ ಹುಡುಗಿ ಸೀಟು ಬದಲಾಯಿಸಿಬಿಡುತ್ತಿದ್ದಳೇನೋ, ಅದಕ್ಕೆ ಸುಮ್ಮನಿದ್ದೆ.

ಅದು ತೊಂಬತ್ತರ ದಶಕದ ಕೊನೆ. ಆಗಷ್ಟೇ ಬಿ.ಎಸ್ಸಿ. ಮುಗಿಸಿ, ಹೊಸಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಮಹಡಿ ಮೇಲೆ ನಡೆಯುತ್ತಿದ್ದ ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿತು, ಅದೇ ಊರಿನ ಚಿತ್ತವಾಡ್ಗಿಯ ನಮ್ಮ ಓಣಿಯಲ್ಲಿ ಕೀಲಿಮಣೆ ಮುಟ್ಟಿದವಳು ನಾನೊಬ್ಬಳೇ ಎಂಬ ಗತ್ತಿನಲ್ಲಿ ಓಡಾಡುತ್ತಿದ್ದೆ. ಗತ್ತು ಸ್ವಲ್ಪ ಜಾಸ್ತಿಯೇ ಇತ್ತು. ಈಗಲೂ ಇದೆ ಎಂದು ಮನೆಯವರು ಹೇಳುತ್ತಾರೆ. ಕಂಪ್ಲಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಓದಿ, ಮುಂದೆ ಸಂಡೂರಿನಲ್ಲಿ ಗಣಿ ವ್ಯವಹಾರ ಮಾಡಿದ ಧಣಿಯೊಬ್ಬರು ತಮ್ಮ ಶಾಲೆಗೆ ಒಂದು ಕಂಪ್ಯೂಟರ್ ಕೊಡಿಸಿದ್ದರು. ಅದು ಅದಿರಿನ ಲಾರಿಯಲ್ಲಿಯೇ ಬಂದಿತ್ತು. ಡಬ್ಬಿ ಬಿಚ್ಚಿದಾಗ ಒಳಗಿನ ಥರ್ಮೋಕೋಲಿಗೂ ಕೆಂಪು ಧೂಳು ಮೆತ್ತಿತ್ತು. ಯಂತ್ರವೇನೋ ಬಂತು, ಅದನ್ನು ಕಲಿಸುವವರು ಬೇಕಲ್ಲ? ಶಾಲೆಯ ಕಮಿಟಿ ಹುಡುಕಿತು, ನಾನು ಸಿಕ್ಕೆ. "ಒಂದು ವರ್ಷದ ಮಟ್ಟಿಗೆ ನೋಡೋಣ" ಎಂದು ಹೇಳಿಯೇ ಸೇರಿಸಿಕೊಂಡರು. ಆ ಯಂತ್ರ ಇದ್ದರೆ ನಾನು, ಇಲ್ಲದಿದ್ದರೆ ಇಲ್ಲ.

ಕಂಪ್ಯೂಟರ್ ಕೋಣೆ ಅಕ್ಕಿ ಗಿರಣಿಗೆ ಗೋಡೆ ಹಂಚಿಕೊಂಡಿತ್ತು. ಭತ್ತ ಕುದಿಸುವ ದಿನಗಳಲ್ಲಿ ಗೋಡೆಯೇ ಬೆಚ್ಚಗಾಗುತ್ತಿತ್ತು. ಹೆಡ್ಮಾಸ್ತರರು ಕಂಪ್ಯೂಟರಿಗೆ ತಮ್ಮ ಹಳೆಯ ಜರಿ ಪಂಚೆ ಹೊದಿಸಿದ್ದರು. ಚಪ್ಪಲಿ ಹೊರಗೆ ಬಿಡಬೇಕು, ಕೈ ತೊಳೆದು ಬರಬೇಕು, ಸೀನು ಬಂದರೆ ಓಡಿ ಹೊರಗೆ ಹೋಗಬೇಕು. ಮೊದಲ ವಾರ ಮಕ್ಕಳು ಒಳಗೆ ಬಂದವರೇ ಕೈಮುಗಿದು ನಿಲ್ಲುತ್ತಿದ್ದರು. ನಾನು ಪಂಚೆ ತೆಗೆದು ಬದಿಗಿಟ್ಟೆ. ಹೆಡ್ಮಾಸ್ತರರು ಅದನ್ನು ಮತ್ತೆ ಹೊದಿಸಿದರು. ವರ್ಷವಿಡೀ ನಮ್ಮಿಬ್ಬರ ನಡುವೆ ಈ ಪಂಚೆಯ ಹಗ್ಗಜಗ್ಗಾಟ ನಡೆದೇ ಇತ್ತು. ಮನುಷ್ಯ ಒಳ್ಳೆಯವರು, ಆದರೆ ಕಮಿಟಿಯವರ ನೆರಳು ಕಂಡರೂ ಬೆವರುತ್ತಿದ್ದರು.

ಕಂಪ್ಯೂಟರಿನ ಜೊತೆ ನಾಲ್ಕಾರು ಸಿ.ಡಿ.ಗಳು ಬಂದಿದ್ದವು. ಒಂದು ಟೈಪಿಂಗ್ ಕಲಿಸುವುದು, ಒಂದು ಲೆಕ್ಕದ್ದು, ಇನ್ನೊಂದರ ಮೇಲೆ ಬಳೆ ತೊಟ್ಟ ಶನಿಯ ಚಿತ್ರ. ನಾನು ಮೊದಲು ಹಾಕಿದ್ದು ಅದನ್ನೇ. ಪರದೆ ಕಪ್ಪಾಯಿತು, ನಕ್ಷತ್ರಗಳು ಬಂದವು, ಭೂಮಿ ನಿಧಾನವಾಗಿ ತಿರುಗುತ್ತಾ ಮೇಲೆದ್ದಿತು. ಒಂಬತ್ತನೇ ಕ್ಲಾಸಿನ ಮಕ್ಕಳು ಉಸಿರು ಬಿಗಿಹಿಡಿದು ನಿಂತಿದ್ದರು. ಸುಳ್ಳೇಕೆ, ನನಗೂ ಮೈ ಜುಮ್ಮೆಂದಿತ್ತು.

ಅದು ಆಟ. ಆದರೆ ಗುಂಡು ಹೊಡೆಯುವ ಆಟವಲ್ಲ. ಒಂದು ಬಾಹ್ಯಾಕಾಶ ನೌಕೆ, ಅದಕ್ಕೊಂದು ಟ್ಯಾಂಕ್ ಇಂಧನ. ಮಕ್ಕಳ ಬಾಯಲ್ಲಿ ಅದು 'ಎಣ್ಣಿ'. ಒಂದು ಗುಂಡಿ ಒತ್ತಿ ಹಿಡಿದರೆ ಎಂಜಿನ್ ಉರಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಪರದೆಯ ಮೂಲೆಯಲ್ಲಿ ಒಂದು ಹಸಿರು ಗೆರೆ. ಎಣ್ಣೆ ಖರ್ಚಾದಂತೆಲ್ಲ ಅದು ಕುಗ್ಗುತ್ತಾ ಹೋಗುತ್ತದೆ. ಭೂಮಿಯಿಂದ ಹೊರಡಬೇಕು, ಬೇಕಾದ ಗ್ರಹಕ್ಕೆ ಹೋಗಬೇಕು, ಅದರ ಸುತ್ತ ತಿರುಗಿ, ಬಿಸಿಯೆಷ್ಟು, ಭಾರವೆಷ್ಟು, ದಿನವೆಷ್ಟು ಉದ್ದ ಎಂದು ತಿಳಿದುಕೊಳ್ಳಬೇಕು, ಮತ್ತೆ ಭೂಮಿಗೆ ಬಂದು ಇಳಿಯಬೇಕು. ಹೊರಡುವಾಗ ಎಣ್ಣೆ ಬೇಕು, ನಿಲ್ಲುವಾಗಲೂ ಬೇಕು. ನಡುವಿನ ದಾರಿಗೆ ಬೇಡ. ಅಲ್ಲಿ ತಡೆಯಲು ಗಾಳಿಯಿಲ್ಲ, ಒಮ್ಮೆ ಓಡಿದ ನೌಕೆ ಓಡುತ್ತಲೇ ಇರುತ್ತದೆ.

ಮಕ್ಕಳು ನನ್ನನ್ನು ಅಕ್ಕೋರು ಎನ್ನುತ್ತಿದ್ದರು. ಮೊದಲ ದಿನವೇ ತಂಟೆ ಶುರುವಾಯಿತು.

"ಅಕ್ಕೋರೇ, ಶನಿ ಒಂದು ಬ್ಯಾಡ್ರಿ. ನಮ್ಮವ್ವ ಬೈತಾಳ."

"ಯಾಕೆ?"

"ಅದರ ಹೆಸರು ತಗೊಂಡ್ರ ಸಾಕು, ಏಳೂವರಿ ವರ್ಷ ಅಂತಾಳ್ರಿ. ನಾವs ಮನೀ ಹುಡಿಕ್ಕೊಂಡು ಹೋದ್ರ ಹೆಂಗ್ರಿ?"

ಹೀಗೆಂದವಳು ಹುಲಿಗೆಮ್ಮ. ಸಣಕಲು ಹುಡುಗಿ, ಎರಡು ಜಡೆ, ದನಿ ಮಾತ್ರ ಗಿರಣಿಯ ಸೀಟಿಯಷ್ಟು ಜೋರು. ಅವಳ ಎದುರು ಜೋಡಿ ಪಂಪಾಪತಿ. ಲೆಕ್ಕದಲ್ಲಿ ಚುರುಕು, ಬಾಯಲ್ಲಿ ಇನ್ನೂ ಚುರುಕು. ಗುರುಗ್ರಹದಲ್ಲಿ ವಸ್ತುಗಳ ತೂಕ ಇಲ್ಲಿಗಿಂತ ಎರಡು ಪಟ್ಟಿಗೂ ಹೆಚ್ಚು ಎಂದು ಪರದೆಯ ಮೇಲೆ ಬಂದ ಕೂಡಲೇ ಅವನು ಎದ್ದುನಿಂತ. "ಹಂಗಾದ್ರ ಭತ್ತ ಚಂದ್ರನ ಮ್ಯಾಲ ಕೊಂಡು ಗುರುವಿನ ಮ್ಯಾಲ ಮಾರ್ಬೇಕ್ರಿ ಅಕ್ಕೋರೇ." ತಕ್ಕಡಿಯಲ್ಲಿ ತೂಗಿದರೆ ಕಲ್ಲೂ ಅಷ್ಟೇ ಭಾರವಾಗುತ್ತದೆ, ಲಾಭವಿಲ್ಲ ಎಂದು ವಿವರಿಸಿದೆ. ಅವನು ಒಂದು ಕ್ಷಣ ಯೋಚಿಸಿ, "ಮುಳ್ಳಿನ ತಕ್ಕಡಿ ಒಯ್ತೀನ್ರಿ" ಎಂದ. ಸ್ಪ್ರಿಂಗ್ ತಕ್ಕಡಿಗೆ ಅಲ್ಲಿ ಹಾಗೆನ್ನುತ್ತಾರೆ. ವಿಜ್ಞಾನದ ಪರೀಕ್ಷೆಯಲ್ಲಿ ಅರ್ಧ ಜಿಲ್ಲೆಗೆ ಬಾರದ ವಿಷಯ ಆ ಹುಡುಗನಿಗೆ ಭತ್ತ ಮಾರುವ ಆಸೆಯಿಂದ ಬಂದುಬಿಟ್ಟಿತು.

ಕಂಪ್ಯೂಟರ್ ಒಂದೇ, ಮಕ್ಕಳು ಕೋಣೆ ತುಂಬ. ಹಾಗಾಗಿ ನೌಕೆಯೂ ಒಂದೇ ಇರಲಿ, ಸರದಿಯ ಮೇಲೆ ನಡೆಸಿರಿ ಎಂದೆ. ಹೇಗೆ ಸರದಿ ಮಾಡಿಕೊಳ್ಳುತ್ತೀರೋ ನೀವೇ ನೋಡಿಕೊಳ್ಳಿ ಎಂದೂ ಹೇಳಿದೆ. ಅವರು ಜಗಳವಿಲ್ಲದೆ ಊರಿಗೊಂದು ಪಾಳಿ ಮಾಡಿಕೊಂಡರು. ಒಂದೊಂದು ಊರಿನ ಮಕ್ಕಳು ಒಂದೊಂದು ಗುಂಪು. ಪಂಪಾಪತಿಯ ಊರು ಮೊದಲು, ಆಮೇಲೆ ನಡುವಿನ ಊರುಗಳು, ಕಟ್ಟಕಡೆಗೆ ಹುಲಿಗೆಮ್ಮನ ಊರು. ಎಷ್ಟು ಶಿಸ್ತಿನ ಮಕ್ಕಳು ಎಂದು ನಾನು ಮೆಚ್ಚಿಕೊಂಡೆ. ಈ ಸಾಲು ಎಲ್ಲಿಂದ ಬಂತು ಎಂದು ಕೇಳುವ ಬುದ್ಧಿ ನನಗೆ ಹೊಳೆಯಲಿಲ್ಲ. ಚಿತ್ತವಾಡ್ಗಿಯಲ್ಲಿ ನಳದ ನೀರು ಕುಡಿದು ಬೆಳೆದವಳಿಗೆ ಹೇಗೆ ಹೊಳೆಯಬೇಕು?

ಮಳೆಗಾಲವಿಡೀ ನಾವು ಮಂಗಳ ಗ್ರಹವನ್ನು ಮುಟ್ಟಲಿಲ್ಲ.

ಹೊರಗೆ ಕಾಲುವೆ ತುಂಬಿ ಹರಿಯುತ್ತಿತ್ತು, ಗದ್ದೆಗಳಲ್ಲಿ ನಾಟಿ ನಡೆದಿತ್ತು, ಮಕ್ಕಳು ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಬಂದು ಬೋರಿಂಗಿನ ಕೈಪಂಪಿನಲ್ಲಿ ತೊಳೆದು ಒಳಗೆ ಬರುತ್ತಿದ್ದರು. ಒಳಗೆ ನಮ್ಮ ನೌಕೆ ಹೊರಟ ಸ್ವಲ್ಪ ಹೊತ್ತಿಗೆಲ್ಲ ಖಾಲಿ. ಮೊದಲ ಊರಿನವರು ಗುಂಡಿ ಒತ್ತಿ ಹಿಡಿದರೆ ಬಿಡುವ ಮಾತೇ ಇಲ್ಲ. ಎರಡನೆಯವರೂ ಅಷ್ಟೇ. ನಾಲ್ಕನೇ ಊರಿಗೆ ಬರುವಷ್ಟರಲ್ಲಿ ಹಸಿರು ಗೆರೆ ದಾರದಷ್ಟಾಗಿರುತ್ತಿತ್ತು. ಹುಲಿಗೆಮ್ಮ ಕುರ್ಚಿಯ ಮೇಲೆ ಕುಳಿತು, ಖಾಲಿ ಟ್ಯಾಂಕಿನ ನೌಕೆ ಕತ್ತಲಲ್ಲಿ ತೇಲಿ ಹೋಗುವುದನ್ನು ನೋಡಿ, ಎದ್ದು ಹೋಗುತ್ತಿದ್ದಳು.

ಮಕ್ಕಳಿಗೆ ಭೌತಶಾಸ್ತ್ರ ಅರ್ಥವಾಗಿಲ್ಲ ಎಂದುಕೊಂಡೆ. ಎಂಜಿನ್ ನಿಲ್ಲಿಸಿದರೆ ನೌಕೆ ನಿಲ್ಲುತ್ತದೆ ಎಂದು ಅವರು ಭಾವಿಸಿದ್ದಾರೆ, ಎತ್ತು ನಿಂತರೆ ಬಂಡಿ ನಿಲ್ಲುವ ಹಾಗೆ. ಸರಿ, ಶಾಲೆಯ ಕೇರಂ ಬೋರ್ಡು ತಂದು, ಪೌಡರ್ ಹಾಕಿ, ಸ್ಟ್ರೈಕರ್ ಹೊಡೆದು ತೋರಿಸಿದೆ. ಬೆರಳು ಬಿಟ್ಟ ಮೇಲೂ ಓಡುತ್ತದೆ ನೋಡಿ, ಪೌಡರ್ ಹೆಚ್ಚಿದಷ್ಟೂ ದೂರ ಓಡುತ್ತದೆ ನೋಡಿ. ಎಲ್ಲರೂ ತಲೆಯಾಡಿಸಿದರು. ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆದರು. ಮರುದಿನ ಕುರ್ಚಿಗೆ ಬಂದು ಮತ್ತೆ ಗುಂಡಿ ಒತ್ತಿ ಹಿಡಿದರು.

ದೂರದ ಅಂದಾಜು ಸಿಕ್ಕಿಲ್ಲವೇನೋ ಎಂದು ದೀಪಾವಳಿ ಆದ ಮೇಲೆ ಹಂಪಿಗೆ ಕರೆದುಕೊಂಡು ಹೋದೆ. ಅಲ್ಲಿಗೆ ಹೋದವರೆಲ್ಲ ಗುಡಿ ನೋಡುತ್ತಾರೆ, ನಾವು ಬೀದಿ ನೋಡಲು ಹೋದೆವು. ವಿರೂಪಾಕ್ಷನ ಗೋಪುರದ ಮುಂದಿನಿಂದ ಆಚೆ ತುದಿಯ ಕಲ್ಲಿನ ಬಸವಣ್ಣನವರೆಗೆ ನೆಟ್ಟಗೆ ಹಾಸಿಕೊಂಡ ಹಂಪಿ ಬಜಾರಿಗಿಂತ ಒಳ್ಳೆಯ ಸೌರವ್ಯೂಹ ನಮ್ಮ ಜಿಲ್ಲೆಯಲ್ಲಿ ಎಲ್ಲಿ ಸಿಗಬೇಕು? ಗೋಪುರದ ಬಳಿ ಒಂದು ದೊಡ್ಡ ಹಿತ್ತಾಳೆ ಕೊಪ್ಪರಿಗೆ ಇಟ್ಟು ಸೂರ್ಯ ಎಂದೆ. ಭೂಮಿಗೆ ಒಂದು ಕಡಲೆಕಾಳು. ಗುರುವಿಗೆ ಮೋಸಂಬಿ. ಶನಿಗೆ ಅದಕ್ಕಿಂತ ತುಸು ಸಣ್ಣದೊಂದು ಮೋಸಂಬಿ, ಅದಕ್ಕೆ ತಗಡಿನ ಬಳೆ. ಕಡಲೆ ಹಿಡಿದವನು ಒಂದಷ್ಟು ಅಂಗಡಿ ದಾಟಿ ನಿಂತ. ಗುರುವನ್ನು ಹಿಡಿದವಳು ನಡೆದಳು, ನಡೆದಳು, ಬೀದಿಯ ಅರ್ಧ ಕಳೆಯಿತು. ಶನಿಯನ್ನು ಒಯ್ದ ಹುಲಿಗೆಮ್ಮ ಬಸವಣ್ಣನ ಹತ್ತಿರ ನಿಂತಾಗ ಅವಳ ಜಡೆಯೂ ನಮಗೆ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು.

"ಅಕ್ಕೋರೇ, ಇಲ್ಲಿಂದ ಕಡ್ಲಿ ಕಾಣವಲ್ದ್ರೀ!"

ಪ್ರವಾಸಿಗರು ಸುತ್ತ ಸೇರಿದರು. ಹೂ ಮಾರುವ ಹೆಂಗಸೊಬ್ಬಳು ಇದು ಯಾವ ಹರಕೆ ಎಂದು ಕೇಳಿದಳು. ಪಂಪಾಪತಿ ಶುಕ್ರನ ಜಾಗದಲ್ಲಿ ಇನ್ನೊಂದು ಕಡಲೆ ಹಿಡಿದು ನಿಂತವನು ಕಾಯಲಾರದೆ ಅದನ್ನು ಬಾಯಿಗೆ ಹಾಕಿಕೊಂಡುಬಿಟ್ಟ, ಅವತ್ತಿನ ಮಟ್ಟಿಗೆ ನಮ್ಮ ಸೌರವ್ಯೂಹಕ್ಕೆ ಶುಕ್ರ ಇರಲಿಲ್ಲ. ಅಷ್ಟು ಉದ್ದದ ಬೀದಿಯಲ್ಲಿ ಕಾಳು, ಹಣ್ಣು ಬಿಟ್ಟರೆ ಉಳಿದದ್ದೆಲ್ಲ ಖಾಲಿ ಎಂಬುದು ಮಕ್ಕಳ ಮನಸ್ಸಿಗೆ ಇಳಿದಿತ್ತು. ಮರಳಿ ಬರುವಾಗ ಬಸ್ಸಿನಲ್ಲಿ ಯಾರೂ ಹಾಡು ಹೇಳಲಿಲ್ಲ. ಇನ್ನೇನು ಗೆದ್ದೆ ಎಂದುಕೊಂಡೆ. ಮರುವಾರ ಟ್ಯಾಂಕು ಮತ್ತೆ ಮೂರನೇ ಊರಿಗೇ ಖಾಲಿಯಾಯಿತು.

ಸಂಕ್ರಾಂತಿ ಕಳೆದ ಮೇಲೆ ಕಮಿಟಿಯ ಅಧ್ಯಕ್ಷರು ಕೋಣೆಗೆ ಬಂದರು. ಎಲ್ಲರೂ ಗೌಡ್ರು ಎಂದೇ ಕರೆಯುತ್ತಿದ್ದರು, ನನಗೂ ಅವರು ಗೌಡ್ರೇ. ಪಂಪಾಪತಿಯ ಊರಿನವರು. ಕಾಲುವೆಯಿಂದ ಗದ್ದೆಗೆ ನೀರು ಬಿಡುವ ಮೊದಲ ತೂಬಿನ ಕೆಳಗೆ ಅವರ ಗದ್ದೆ. ಬಿಳಿ ಅಂಗಿ, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಮಾತು ಮೆತ್ತಗೆ, ಆದರೆ ಎರಡನೇ ಸಲ ಹೇಳುವ ರೂಢಿ ಇಲ್ಲ. ಪರದೆಯ ಮೇಲೆ ನೌಕೆ ತೇಲುತ್ತಿತ್ತು.

"ಏನವ್ವಾ ತಂಗಿ, ಆಟ ಆಡ್ಸಾಕ ಇಷ್ಟು ದೊಡ್ಡ ಮಿಷಿನ್ ಬೇಕಾ?"

"ಇದು ಪಾಠ ರೀ ಗೌಡ್ರೇ. ಶನಿಗ್ರಹಕ್ಕೆ ಹೋಗೋದು ಕಲೀತಿದಾರೆ."

"ಶನಿಗಾ?" ಎಂದು ಅವರು ಹೆಡ್ಮಾಸ್ತರರ ಕಡೆ ತಿರುಗಿದರು. "ಅದು ತಾನs ಬರತೈತಿ, ನಾವ್ಯಾಕ ಹೋಗ್ಬೇಕು?"

ಹೆಡ್ಮಾಸ್ತರರು ಜೋರಾಗಿ ನಕ್ಕರು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಗೌಡ್ರು ವಿಷಯಕ್ಕೆ ಬಂದರು. ಊರಿನ ಸೊಸೈಟಿಯಲ್ಲಿ ಗೊಬ್ಬರದ ಲೆಕ್ಕ ಬೆಟ್ಟದಷ್ಟು ಬಿದ್ದಿದೆ, ಕಂಪ್ಯೂಟರ್ ಅಲ್ಲಿಗೆ ಹೋದರೆ ನಾಲ್ಕು ಜನಕ್ಕೆ ಉಪಯೋಗ, ಮಕ್ಕಳಿಗೆ ಬೇಕಾದರೆ ವರ್ಷಕ್ಕೊಮ್ಮೆ ತೋರಿಸೋಣ. ಕೆಟ್ಟ ಮನುಷ್ಯರಲ್ಲ. ಅವರ ಲೆಕ್ಕದಲ್ಲಿ ಅದು ನ್ಯಾಯವೇ. ಆದರೆ ನನ್ನ ತಲೆಗೆ ಸಿಟ್ಟು ಏರಿತು. ಕೆಲಸ ಹೋಗುತ್ತದೆಂಬ ಭಯವೂ ಇತ್ತು, ಅದಕ್ಕಿಂತ ಹೆಚ್ಚಾಗಿ ಪಂಚೆ ಹೊದಿಸಿದ ಆ ಪೆಟ್ಟಿಗೆಯನ್ನು ಪಾಠವನ್ನಾಗಿ ಮಾಡಿದವಳು ನಾನು ಎಂಬ ಹಟ.

"ಯುಗಾದಿಗೆ ಮುಂಚೆ ಈ ಮಕ್ಕಳು ಶನಿಗೆ ಹೋಗಿ ವಾಪಸ್ ಬಂದು ಭೂಮಿಗೆ ಇಳೀತಾರೆ. ನೀವೇ ಕೂತು ನೋಡ್ರಿ. ಇಳೀಲಿಲ್ಲ ಅಂದ್ರೆ ಕಂಪ್ಯೂಟರ್ ಒಯ್ರಿ, ನಾನೂ ಮನೆಗೆ ಹೋಗ್ತೀನಿ" ಎಂದೆ.

"ಆತು ಬಿಡವ್ವ" ಎಂದರು ಗೌಡ್ರು.

ಮಂಗಳವನ್ನೇ ಮುಟ್ಟದವರು ಶನಿಗೆ ಹೋಗಿಬರುವ ಮಾತು. ಹೆಡ್ಮಾಸ್ತರರು ಅಂದು ಮಧ್ಯಾಹ್ನ ಊಟ ಮಾಡಲಿಲ್ಲ.

ಅದೇ ಹೊತ್ತಿಗೆ ಎರಡನೇ ಬೆಳೆ ಶುರುವಾಗಿತ್ತು. ಮಳೆಗಾಲದ ಬೆಳೆಗೆ ಕಾಲುವೆಯಲ್ಲಿ ನೀರಿಗೇನೂ ಕೊರತೆಯಿಲ್ಲ. ಬೇಸಿಗೆಯ ಬೆಳೆಗೆ ಪಾಳಿ, ಕಾಲುವೆಯ ತಲೆಯಲ್ಲಿರುವ ಊರಿಗೆ ಮೊದಲು, ಬಾಲದಲ್ಲಿರುವ ಊರಿಗೆ ಕೊನೆಗೆ. ಈ ಊರಿಗೆ ಇಷ್ಟು ಹೊತ್ತು, ಆ ಊರಿಗೆ ಅಷ್ಟು ಹೊತ್ತು. ಪಾಳಿ ಬಂದ ದಿನ ಮನೆಮಂದಿಯೆಲ್ಲ ಗದ್ದೆಯಲ್ಲಿರಬೇಕು. ಹಾಗಾಗಿ ಒಂದೊಂದು ದಿನ ಒಂದೊಂದು ಊರಿನ ಮಕ್ಕಳು ಇರುತ್ತಿರಲಿಲ್ಲ. ಒಂದು ಬೆಳಿಗ್ಗೆ ಹಾಜರಿ ಕರೆಯುತ್ತಾ, ಇಂದು ಯಾವ ಊರಿನವರು ಇಲ್ಲ, ನಿನ್ನೆ ಯಾವ ಊರಿನವರು ಇರಲಿಲ್ಲ ಎಂದು ನೋಡುತ್ತಿದ್ದಾಗ ಕೈ ನಿಂತಿತು. ಆ ಸಾಲು ನನಗೆ ಗೊತ್ತಿದ್ದ ಸಾಲು. ಕಂಪ್ಯೂಟರಿನ ಮುಂದೆ ಮಕ್ಕಳು ಮಾಡಿಕೊಂಡ ಸಾಲು ಅದೇ.

ಪಂಪಾಪತಿಯನ್ನು ಕರೆದೆ. "ಎಂಜಿನ್ ನಿಲ್ಸಿದ್ರೂ ನೌಕೆ ಓಡುತ್ತೆ ಅಂತ ನಿನಗೆ ಗೊತ್ತಿಲ್ವೇನೋ?"

"ಗೊತ್ತೈತ್ರಿ ಅಕ್ಕೋರೇ. ಕೇರಂ ಬೋರ್ಡ್ ಮ್ಯಾಲ ತೋರ್ಸಿದ್ರಲ್ಲ."

"ಮತ್ತೆ ಯಾಕೆ ಒತ್ತಿ ಹಿಡೀತೀಯ?"

ಅವನು ನನ್ನನ್ನು ಪಾಪ ಎಂಬಂತೆ ನೋಡಿದ. "ನಾ ಉಳ್ಸಿದ್ರ ಅದು ಮುಂದಿನ ಊರಿಗೆ ಹೋಗತೈತಲ್ರಿ. ನಮ್ಮ ಪಾಳ್ಯಾಗ ನಾವು ಬಿಟ್ಕೊಂಡ್ರ ಮುಗೀತು. ಪಾಳಿ ಹೋದ ಮ್ಯಾಲ ಯಾರು ಕೊಡ್ತಾರ್ರಿ?"

ಹಿಂದಿನ ಬೆಂಚಿನಿಂದ ಹುಲಿಗೆಮ್ಮ ಕೂಗಿದಳು. "ಅವ್ರು ಯಾವಾಗ್ಲೂ ಹಂಗs ರೀ! ಕಾಲ್ವಿನಾಗೂ ಹಂಗs, ಇಲ್ಲೂ ಹಂಗs!"

"ಮತ್ತ ನೀವು ಮೊದಲಿದ್ರ ಏನ್ಮಾಡ್ತಿದ್ರಿ, ಹಾಲು ಕೊಡ್ತಿದ್ರೇನು?" ಪಂಪಾಪತಿ ತಿರುಗಿ ಕೇಳಿದ.

ನನಗೆ ನಗು ತಡೆಯಲಾಗಲಿಲ್ಲ. ಜೂನ್‌ನಿಂದ ನಾನು ಕೇರಂ ಬೋರ್ಡು, ಕಡಲೆಕಾಳು, ಮೋಸಂಬಿ ಎಂದು ಓಡಾಡಿದ್ದೆ. ಮಕ್ಕಳು ಸೌರವ್ಯೂಹವನ್ನು ಯಾವತ್ತೋ ಅರ್ಥ ಮಾಡಿಕೊಂಡಿದ್ದರು, ಜೊತೆಗೆ ತಮ್ಮ ಕಾಲುವೆಯನ್ನೂ ಅಲ್ಲಿಗೆ ಒಯ್ದಿದ್ದರು. ಆ ಮಕ್ಕಳ ಮೇಲೆ ನನಗೆ ಆಗ ಬಂದಷ್ಟು ಪ್ರೀತಿ ಮತ್ತೆ ಯಾವ ಕ್ಲಾಸಿನ ಮೇಲೂ ಬಂದಿಲ್ಲ.

ಅಂದಿನಿಂದ ಭೌತಶಾಸ್ತ್ರ ನಿಲ್ಲಿಸಿದೆ. ಒಂದು ಹೊಸ ಪದ್ಧತಿ ಮಾಡಿದೆ. ಪ್ರತಿ ಪ್ರಯಾಣ ಮುಗಿದ ಮೇಲೆ ಯಾವ ಊರು ಎಷ್ಟು ಎಣ್ಣೆ ಸುಟ್ಟಿತು ಎಂದು ಬೋರ್ಡಿನ ಮೇಲೆ ಬರೆಯುವುದು. ಎಲ್ಲರಿಗಿಂತ ಕಡಿಮೆ ಸುಟ್ಟ ಊರಿಗೆ ಮುಂದಿನ ಪ್ರಯಾಣದಲ್ಲಿ ಮೊದಲ ಪಾಳಿ, ಎಲ್ಲರಿಗಿಂತ ಹೆಚ್ಚು ಸುಟ್ಟ ಊರಿಗೆ ಕೊನೆಯ ಪಾಳಿ. ಉಳಿದದ್ದು ಎಷ್ಟಿದೆಯೋ ಅಷ್ಟರಲ್ಲಿ ನೌಕೆಯನ್ನು ಭೂಮಿಗೆ ಇಳಿಸುವ ಹೊಣೆ ಅವರದ್ದು.

ಪಂಪಾಪತಿಯ ಊರಿಗೆ ಕೊನೆಯ ಪಾಳಿ ಬಂತು. ಖಾಲಿ ಟ್ಯಾಂಕಿನ ಮುಂದೆ ಕುಳಿತು ಅವನು ಕುರ್ಚಿಯ ಕೈ ಹಿಡಿದು ಒದ್ದಾಡಿದ. ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ಮುಂದಿನ ಸಲ ಇನ್ನೊಂದು ಊರಿನ ಗತಿ ಅದೇ ಆಯಿತು. ಆಮೇಲೆ ಉಲ್ಟಾ ಹುಚ್ಚು ಶುರುವಾಯಿತು. ಎಲ್ಲರೂ ಎಷ್ಟು ಜುಗ್ಗರಾದರೆಂದರೆ ಯಾರೂ ಎಂಜಿನ್ನೇ ಹಚ್ಚಲಿಲ್ಲ. ತುಂಬಿದ ಟ್ಯಾಂಕಿನ ನೌಕೆ ಭೂಮಿಯ ಮೇಲೆಯೇ ನಿಂತಿತ್ತು, ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾ ಕುರ್ಚಿ ಬಿಟ್ಟುಕೊಟ್ಟರು. ಕೊನೆಗೆ ದಾರಿಯನ್ನು ಭಾಗ ಮಾಡಿ, ಇಂಥ ಊರು ಇಲ್ಲಿಂದ ಇಲ್ಲಿಯವರೆಗೆ ಮುಟ್ಟಿಸಲೇಬೇಕು ಎಂದೆ.

ಅಲ್ಲಿಂದ ಮುಂದೆ ಮಕ್ಕಳು ನನ್ನನ್ನು ಹಿಂದೆ ಹಾಕಿ ಓಡಿದರು. ಬಿಸಿಲು ಏರಿದಂತೆ ನಾವು ಮಂಗಳಕ್ಕೆ ಹೋಗಿ ಬಂದೆವು. ಗುರುವಿಗೆ ಹೋಗಿ ಬಂದೆವು. ಶನಿಯನ್ನೂ ಮುಟ್ಟಿದೆವು. ಆದರೆ ಅಲ್ಲಿ ನಿಂತು, ಮತ್ತೆ ಹೊರಟು ಬರುವಷ್ಟರಲ್ಲಿ ಎಣ್ಣೆ ಮುಗಿಯುತ್ತಿತ್ತು. ಭೂಮಿಯ ಪಕ್ಕದಲ್ಲೇ ಹಾದು, ಇಳಿಯಲಾಗದೆ ಮುಂದೆ ಹೋಗಿಬಿಡುತ್ತಿದ್ದೆವು. ಯುಗಾದಿ ಹತ್ತಿರ ಬಂತು. ಒಂದು ಸಲವೂ ನಾವು ಶನಿಯಿಂದ ಮನೆಗೆ ಬಂದಿರಲಿಲ್ಲ.

ಗೊತ್ತುಮಾಡಿದ ಭಾನುವಾರ ಬೆಳಿಗ್ಗೆ ನಾನು ಶಾಲೆಗೆ ಹೋದಾಗ ಗೇಟಿನ ಮುಂದೆ ಸೊಸೈಟಿಯ ಟ್ರ್ಯಾಕ್ಟರ್ ನಿಂತಿತ್ತು. ಟ್ರಾಲಿಯಲ್ಲಿ ಗೋಣಿಚೀಲ ಹಾಸಿ, ಕಟ್ಟಲು ಹಗ್ಗವನ್ನೂ ಇಟ್ಟಿದ್ದರು. ನಾನು ಹೊಸ ಸೀರೆ ಉಟ್ಟುಕೊಂಡೇ ಹೋಗಿದ್ದೆ, ಸೋಲುವವಳ ಹಾಗೆ ಹೋಗುವುದು ನನಗೆ ಬರುವುದಿಲ್ಲ.

ಕಮಿಟಿಯವರು ಮುಂದಿನ ಬೆಂಚಿನಲ್ಲಿ ಕುಳಿತರು. ಮಕ್ಕಳು ತಂತಮ್ಮ ಊರಿನ ಗುಂಪಾಗಿ ನಿಂತರು. ಹಿಂದಿನ ಪ್ರಯಾಣದ ಲೆಕ್ಕದಂತೆ ಮೊದಲ ಪಾಳಿ ಪಂಪಾಪತಿಯ ಊರಿಗೆ ಬಂದಿತ್ತು, ಕೊನೆಯ ಪಾಳಿ ಹುಲಿಗೆಮ್ಮನ ಊರಿಗೆ. ಅವಳ ಊರಿನವರು ಹಿಂದಿನ ಸಲ ಶನಿಯ ಹತ್ತಿರ ನಿಲ್ಲಿಸಲು ಹೋಗಿ ಬಹಳ ಸುಟ್ಟಿದ್ದರು. ಪಂಪಾಪತಿ ಕುರ್ಚಿಯ ಮೇಲೆ ಕುಳಿತು ಗುಂಡಿಯ ಮೇಲೆ ಬೆರಳಿಟ್ಟ.

"ಏ, ಸರಿಯಲೇ" ಎಂದರು ಗೌಡ್ರು. "ನಮ್ಮ ಊರಿನ ಪಾಳಿ ಅಲ್ಲೇನು? ನಾನs ಹಚ್ತೀನಿ."

ಪಂಪಾಪತಿ ನನ್ನ ಮುಖ ನೋಡುತ್ತಾ ಎದ್ದ. ಊರಿನ ಗೌಡರಿಗೆ ಇಲ್ಲ ಎನ್ನುವುದು ಹೇಗೆ? ಯಾವ ಗುಂಡಿ ಎಂದು ತೋರಿಸಿದೆ. ಸ್ವಲ್ಪ ಹೊತ್ತು ಮಾತ್ರ ಒತ್ತಿ ಬಿಡಬೇಕು ಎಂದೂ ಹೇಳಿದೆ. ಗೌಡ್ರು ಟವೆಲ್ ಸರಿಮಾಡಿಕೊಂಡು ತೋರುಬೆರಳಿನಿಂದ ಗುಂಡಿ ಒತ್ತಿದರು. ನೌಕೆ ಬೆಂಕಿ ಉಗುಳುತ್ತಾ ಎದ್ದಿತು. ಅವರ ಮುಖ ಅರಳಿತು. ಭೂಮಿ ಸಣ್ಣದಾಯಿತು, ಚಂದ್ರ ಹಿಂದೆ ಸರಿಯಿತು. ಬೆರಳು ಗುಂಡಿಯ ಮೇಲೆಯೇ ಇತ್ತು.

"ಗೌಡ್ರೇ, ಇನ್ನು ಬಿಡಬಹುದು" ಎಂದೆ.

"ಇರವ್ವಾ, ಹೊಂಟೈತಿ ನೋಡು."

ಹಸಿರು ಗೆರೆ ಕುಗ್ಗುತ್ತಿತ್ತು. ಹೆಡ್ಮಾಸ್ತರರು ಕೆಮ್ಮಿದರು. ಮಕ್ಕಳು ಒಬ್ಬರನ್ನೊಬ್ಬರು ತಿವಿದುಕೊಂಡರು. ಆಗ ಕೊನೆಯ ಗುಂಪಿನಿಂದ ಆ ದನಿ ಬಂತು.

"ಸಾಕ್ರೀ ಗೌಡ್ರೇ! ಬಂದ್ ಮಾಡ್ರಿ! ನಮ್ಮ ಊರಿಗೂ ಬರ್ಬೇಕು!"

ಗೌಡ್ರು ಬೆಂಕಿ ಮುಟ್ಟಿದವರಂತೆ ಬೆರಳು ತೆಗೆದರು. ನಿಧಾನವಾಗಿ ಹಿಂದೆ ತಿರುಗಿ ನೋಡಿದರು. ಹುಲಿಗೆಮ್ಮ ಹೆದರಿದ್ದಳು, ಅದು ಕಾಣುತ್ತಿತ್ತು, ಆದರೆ ತಲೆ ತಗ್ಗಿಸಲಿಲ್ಲ. ಆ ಮಾತನ್ನು ಅವಳ ಊರಿನವರು ತೂಬಿನ ಬಳಿ ಎಷ್ಟು ಬೇಸಿಗೆಯಿಂದ ಹೇಳಬೇಕೆಂದುಕೊಂಡಿದ್ದರೋ, ನನಗೆ ಗೊತ್ತಿಲ್ಲ. ಗೌಡ್ರಿಗೆ ಗೊತ್ತಿತ್ತು ಎಂದು ಕಾಣುತ್ತದೆ. ಅವರು ಕುರ್ಚಿಯಿಂದ ಎದ್ದರು.

ಟ್ಯಾಂಕಿನ ಬಹುಭಾಗ ಹೋಗಿತ್ತು. ಉಳಿದದ್ದರಲ್ಲಿ ಶನಿಯ ಬಳಿ ನಿಲ್ಲಿಸಿ, ಮತ್ತೆ ಹೊರಟು, ಭೂಮಿಗೆ ಇಳಿಯುವುದು ಆಗದ ಮಾತು. ಮಕ್ಕಳು ಪರದೆಯ ಸುತ್ತ ಗುಂಪುಗೂಡಿದರು. ಊರೂರಿನ ಗುಂಪು ಅಲ್ಲಿಗೆ ಕಲಸಿಹೋಯಿತು.

"ಗುರುವಿನಿಂದs ತಿರುಗೋಣ್ರಿ" ಎಂದ ಒಬ್ಬ.

"ಶನಿಗೆ ಅಂತ ಮಾತು ಕೊಟ್ಟಾರ ಅಕ್ಕೋರು" ಎಂದಳು ಹುಲಿಗೆಮ್ಮ. ಅವಳು ಹುಬ್ಬು ಗಂಟಿಕ್ಕಿ ನಿಂತಿದ್ದಳು. "ನಿಲ್ಲೋದು ಯಾಕ? ನಿಲ್ಲೋದs ಬ್ಯಾಡ. ಹತ್ತಿರ ಹಾದ್ರ ಅದು ಎಳೀತೈತಲ್ಲ, ಆ ಎಳೆತಕ್ಕ ಒಂದ್ ಸುತ್ತು ಬಿದ್ದು ಹಂಗs ತಿರುಗಿ ಬರೋಣು."

"ಜಾಸ್ತಿ ಹತ್ರ ಹೋದ್ರ ಅದರಾಗs ಬೀಳ್ತೀವಿ" ಎಂದ ಪಂಪಾಪತಿ.

"ಎಷ್ಟು ಹತ್ರ ಅಂತ ನೀ ಲೆಕ್ಕ ಹಾಕು. ಶ್ಯಾಣ್ಯಾ ಅದೀಯಲ್ಲ?"

ಅವನು ಲೆಕ್ಕ ಹಾಕಿದ. ಹೇಗೆ ಹಾಕಿದನೋ, ಬೋರ್ಡಿನ ಮೇಲೆ ಗೆರೆ ಎಳೆದು, ಹಿಂದಿನ ಪ್ರಯಾಣಗಳನ್ನು ನೆನಪು ಮಾಡಿಕೊಂಡು, ಬೆರಳು ಮಡಿಸಿ, "ಬಳೆ ಹೊರಗಿಂದ ತುಸು ಆಚೆ" ಎಂದ. ನಾನು ಬಾಯಿ ಹಾಕಲಿಲ್ಲ. ಆ ಹೊತ್ತಿನಲ್ಲಿ ನನಗೆ ತಿಳಿದದ್ದಕ್ಕಿಂತ ಅವರಿಗೆ ಹೆಚ್ಚು ತಿಳಿದಿತ್ತು.

ಒಂದೊಂದು ಪಾಳಿಯವರೂ ಗುಂಡಿಯನ್ನು ಮುಟ್ಟಿದರೋ ಇಲ್ಲವೋ ಎಂಬಂತೆ ಮುಟ್ಟಿ ಎದ್ದರು. ಗುರು ಹಿಂದೆ ಸರಿಯಿತು. ಶನಿ ದೊಡ್ಡದಾಗುತ್ತಾ ಬಂತು, ಬಳೆಗಳು ಪರದೆ ತುಂಬಿದವು. ಗೌಡ್ರು ಗೊತ್ತಿಲ್ಲದೆಯೇ ಕೈಮುಗಿದರು. ನೌಕೆ ಬಳೆಯ ಆಚೆ ಅಂಚನ್ನು ಹಾದು, ಬಾಗಿ, ಬಾಗುತ್ತಲೇ ಹೋಗಿ, ಮತ್ತೆ ಸೂರ್ಯನ ಕಡೆ ಮುಖ ಮಾಡಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಕೊನೆಯ ಪಾಳಿಗೆ ಹುಲಿಗೆಮ್ಮ ಕುಳಿತಾಗ ಹಸಿರು ಗೆರೆ ಕಣ್ಣಿಗೆ ಕಾಣುವಷ್ಟು ಇತ್ತು, ಅಷ್ಟೇ. ಭೂಮಿ ಎದುರಿಗೆ ಬಂತು. "ಒತ್ತು, ಒತ್ತಲೇ" ಎಂದು ಪಂಪಾಪತಿ ಪಿಸುಗುಟ್ಟಿದ. ಅವಳು ಒತ್ತಲಿಲ್ಲ. ನೌಕೆ ಬೀಳುತ್ತಿತ್ತು. ಮೋಡಗಳು ಬಂದವು, ಸಮುದ್ರ ಬಂತು, ನೆಲ ಬಂತು. ಒಬ್ಬ ಹುಡುಗ ಕಣ್ಣು ಮುಚ್ಚಿಕೊಂಡ. ನಾನೂ ಮುಚ್ಚಿಕೊಂಡೆ. ಆಮೇಲೆ ಎಂಜಿನ್ನಿನ ಸಣ್ಣ ಗುರ್ ಸದ್ದು ಕೇಳಿತು, ನಿಂತಿತು. ಕಣ್ಣು ತೆರೆದಾಗ ನೌಕೆ ನೆಲದ ಮೇಲೆ ನೆಟ್ಟಗೆ ನಿಂತಿತ್ತು. ಹಸಿರು ಗೆರೆ ಇದ್ದ ಜಾಗದಲ್ಲಿ ಏನೂ ಇರಲಿಲ್ಲ.

ಕೋಣೆಯ ತಗಡು ಹಾರಿಹೋಗುವಂತೆ ಮಕ್ಕಳು ಕೂಗಿದರು. ಗಿರಣಿಯವರು ಓಡಿ ಬಂದರು. ಹೆಡ್ಮಾಸ್ತರರು ಜರಿ ಪಂಚೆಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು, ಅದು ಬೆವರೋ ಕಣ್ಣೀರೋ ಅವರಿಗೇ ಗೊತ್ತು. ನಾನು ಹುಲಿಗೆಮ್ಮನ ತಲೆ ಹಿಡಿದು ಅಪ್ಪಿಕೊಂಡೆ.

ಗದ್ದಲ ಇಳಿದ ಮೇಲೆ ನೋಡಿದರೆ ಗೌಡ್ರು ಮತ್ತೆ ಕುರ್ಚಿಯ ಹತ್ತಿರ ಬಂದು ನಿಂತಿದ್ದರು.

"ಇನ್ನೊಂದ್ ಸಲ ಹೋಗೋಣು. ಈಗ ನಂಗೂ ತಿಳದೈತಿ. ಮೊದಲು ನಾನs ಹಚ್ತೀನಿ" ಎಂದು ಕುರ್ಚಿಗೆ ಕೈಹಾಕಿದರು.

ಹುಲಿಗೆಮ್ಮ ಕುರ್ಚಿ ಬಿಡಲಿಲ್ಲ. "ಆಗಂಗಿಲ್ರಿ ಗೌಡ್ರೇ. ಎಲ್ಲಾರ್ಕಿಂತ ಹೆಚ್ಚು ಸುಟ್ಟವ್ರು ನೀವು. ನಿಮ್ದು ಕೊನೀ ಪಾಳಿ ರೀ."

ಹೆಡ್ಮಾಸ್ತರರ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಗೌಡ್ರು ನನ್ನ ಕಡೆ ನೋಡಿದರು. ಗೇಟಿನ ಮುಂದೆ ಟ್ರ್ಯಾಕ್ಟರ್ ಇನ್ನೂ ನಿಂತಿತ್ತು. ನನ್ನ ಕೆಲಸ, ಆ ಯಂತ್ರ, ಎಲ್ಲವೂ ಅವರ ಒಂದು ಮಾತಿನ ಮೇಲಿತ್ತು. ಒಂದು ಸಲ ಬಿಟ್ಟುಬಿಡು ಹುಲಿಗೆಮ್ಮಾ ಎಂದಿದ್ದರೆ ಎಲ್ಲರಿಗೂ ಸುಲಭವಾಗುತ್ತಿತ್ತು.

"ಹೌದ್ರಿ ಗೌಡ್ರೇ" ಎಂದೆ. "ಈ ಕೋಣೆಯಲ್ಲಿ ಅದೇ ಪದ್ಧತಿ."

ಅವರು ಕುರ್ಚಿಯಿಂದ ಕೈ ತೆಗೆದು, ಟ್ರ್ಯಾಕ್ಟರ್ ವಾಪಸ್ ಕಳಿಸಲು ಹೆಡ್ಮಾಸ್ತರರಿಗೆ ಹೇಳಿ, ಬೆಂಚುಗಳ ನಡುವೆ ದಾರಿ ಮಾಡಿಕೊಂಡು ಹಿಂದಕ್ಕೆ ನಡೆದರು. ಕಟ್ಟಕಡೆಯ ಬೆಂಚಿನಲ್ಲಿ, ಹುಲಿಗೆಮ್ಮನ ಊರಿನ ಮಕ್ಕಳು ಕೂರುತ್ತಿದ್ದ ಜಾಗದಲ್ಲಿ, ಮೊಣಕಾಲು ಮಡಿಸಿ ಕುಳಿತರು. ಹೊಸ ಪ್ರಯಾಣ ಶುರುವಾಯಿತು. ಮೊದಲ ಪಾಳಿಯ ಹುಡುಗ ಗುಂಡಿ ಒತ್ತಿದ. ಮುಂದೆ ನಿಂತ ಮಕ್ಕಳ ತಲೆಗಳ ನಡುವಿನಿಂದ ಹಸಿರು ಗೆರೆಯನ್ನೇ ನೋಡುತ್ತಿದ್ದ ಗೌಡ್ರು ಎದ್ದುನಿಂತು ಕೂಗಿದರು.

"ಲೇ, ಸಾಕೋ ಮಾರಾಯಾ! ನನ್ನ ಪಾಳಿ ಬರೋತನಕ ಒಂಚೂರು ಉಳಸ್ರಲೇ!"